ಹುಡುಗಿಯ ಹೆಸರಿನಲ್ಲಿ ಹಾಕಿದ ಸುಳ್ಳು ಸಹಿ: ಸನ್ ವ್ಯಾಲಿ ಕೊಲೆ ಪ್ರಕರಣ, 2003

ಲಾಸ್ ಏಂಜಲಿಸ್ ನಗರದ ಉತ್ತರ ಭಾಗದಲ್ಲಿ ಸ್ಯಾನ್ ಫರ್ನಾಂಡೋ ವ್ಯಾಲಿ ಇದೆ. ಅದರಲ್ಲೊಂದು ಬಡಾವಣೆ ಸನ್ ವ್ಯಾಲಿ. ಹೆಸರು ಕೇಳಿದರೆ ತೋಟ, ಬೆಟ್ಟ ನೆನಪಾಗಬಹುದು. ಆದರೆ ಇದು ಹಳೇ ಕಾರು ಒಡೆಯುವ ಯಾರ್ಡುಗಳು, ಜಲ್ಲಿ ತೆಗೆದ ದೊಡ್ಡ ಗುಂಡಿಗಳು, ಕಸ ಸುರಿಯುವ ಜಾಗಗಳು, ಸಣ್ಣಪುಟ್ಟ ವರ್ಕ್‌ಶಾಪುಗಳ ಊರು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಿಂದ ಬಂದ ಕುಟುಂಬಗಳೇ ಇಲ್ಲಿ ಜಾಸ್ತಿ. 2003ರ ಹೊತ್ತಿಗೆ ಇಲ್ಲಿ ವೈನ್‌ಲ್ಯಾಂಡ್ ಬಾಯ್ಸ್ ಎಂಬ ಗ್ಯಾಂಗಿನ ಹಿಡಿತ ಬಿಗಿಯಾಗಿತ್ತು. ಬಡಾವಣೆಯಲ್ಲಿ ಹಾದುಹೋಗುವ ವೈನ್‌ಲ್ಯಾಂಡ್ ಅವೆನ್ಯೂ ಎಂಬ ರಸ್ತೆಯ ಹೆಸರೇ ಅದಕ್ಕೆ ಬಂದಿತ್ತು.

2003ರ ಮೇ 12, ಸೋಮವಾರ ರಾತ್ರಿ ಸುಮಾರು ಹತ್ತೂವರೆಗೆ ಇಲ್ಲಿ ಒಬ್ಬ ಹುಡುಗಿ ತನ್ನ ಮನೆಯ ಮುಂದೆ ಗೆಳೆಯನೊಬ್ಬನ ಜೊತೆ ಮಾತಾಡುತ್ತಿದ್ದಳು. ಅವಳಿಗೆ 16 ವರ್ಷ. ಯಾರೋ ಒಬ್ಬ ಹತ್ತಿರ ಬಂದು ತೀರಾ ಸಮೀಪದಿಂದ ಗುಂಡು ಹೊಡೆದ. ಹುಡುಗಿ ಸತ್ತಳು. ಜೊತೆಗಿದ್ದವನು ಬದುಕಿದ.

ಈ ಪ್ರಕರಣವನ್ನು ಲೋಕ ನೆನಪಿಟ್ಟುಕೊಂಡಿರುವ ರೀತಿಯೇ ಬೇರೆ. ಕೊಲೆ ಆರೋಪ ಹೊತ್ತ ಒಬ್ಬ ನಿರಪರಾಧಿಯನ್ನು ಬೇಸ್‌ಬಾಲ್ ಪಂದ್ಯವೊಂದರಲ್ಲಿ ಅಕಸ್ಮಾತ್ತಾಗಿ ಸೆರೆಯಾದ ಟಿವಿ ದೃಶ್ಯ ಕಾಪಾಡಿತು ಅನ್ನುವ ಕಥೆಯಾಗಿ ಅದು ಪ್ರಸಿದ್ಧ. ಅದು ನಿಜವೇ, ಕೇಳಲು ರೋಚಕವೂ ಹೌದು. ಆದರೆ ಆ ಕಥೆಯಲ್ಲಿ ಹುಡುಗಿ ಮೊದಲ ನಿಮಿಷದಲ್ಲೇ ಮರೆಯಾಗುತ್ತಾಳೆ. ಅವಳು ಯಾಕೆ ಸತ್ತಳು ಎಂಬ ಪ್ರಶ್ನೆಯೂ ಅವಳ ಜೊತೆಗೇ ಮರೆಯಾಗುತ್ತದೆ. ಹಾಗಾಗಿ ನಾನು ಈ ಪ್ರಕರಣವನ್ನು ಪಂದ್ಯದಿಂದ ಶುರು ಮಾಡುವುದಿಲ್ಲ. ಅದಕ್ಕೂ ಮೊದಲು ನಡೆದ ಇನ್ನೊಂದು ಕೊಲೆಯಿಂದ, ಒಂದು ಹಾಳೆ ಕಾಗದದಿಂದ ಶುರು ಮಾಡುತ್ತೇನೆ.

ಕಾಗದದ ಮೇಲಿನ ಸುಳ್ಳು

2002ರ ಕೊನೆಯಲ್ಲಿ ಇದೇ ಹುಡುಗಿಯ ಮನೆಯ ಹತ್ತಿರ ಒಬ್ಬ ಯುವಕನ ಕೊಲೆಯಾಗಿತ್ತು. ವೈನ್‌ಲ್ಯಾಂಡ್ ಬಾಯ್ಸ್ ಗ್ಯಾಂಗಿನ ಒಬ್ಬನ ಮೇಲೆ ಪೊಲೀಸರಿಗೆ ಅನುಮಾನ. ಅವನನ್ನು ಹಿಡಿದು ಕೂರಿಸಿದರು. ಅವನು ಬಾಯಿ ಬಿಡಲಿಲ್ಲ.

ಅಮೆರಿಕದ ಪೊಲೀಸರು ಶಂಕಿತನನ್ನು ಗುರುತಿಸಲು ಬಳಸುವ ಒಂದು ಹಾಳೆ ಇದೆ. ಅದರಲ್ಲಿ ಆರು ಫೋಟೋ ಇರುತ್ತವೆ. ಒಂದು ಶಂಕಿತನದು, ಉಳಿದ ಐದು ಅವನನ್ನು ಸ್ವಲ್ಪ ಹೋಲುವ ಬೇರೆಯವರದು. ಪೊಲೀಸರ ಆಡುಮಾತಿನಲ್ಲಿ ಇದಕ್ಕೆ 'ಸಿಕ್ಸ್ ಪ್ಯಾಕ್' ಎನ್ನುತ್ತಾರೆ. ಸಾಕ್ಷಿ ಒಂದು ಫೋಟೋಕ್ಕೆ ಸುತ್ತು ಹಾಕಿ, ಇವನೇ ಎಂದು ಬರೆದು, ಸಹಿ ಹಾಕಬೇಕು.

ಪತ್ತೇದಾರರು ಇಂಥ ಒಂದು ಹಾಳೆಯನ್ನು ತಾವೇ ತಯಾರಿಸಿದರು. ಶಂಕಿತನ ಫೋಟೋಕ್ಕೆ ತಾವೇ ಸುತ್ತು ಹಾಕಿದರು. ಗುಂಡು ಹೊಡೆದವನು ಇವನೇ ಎಂಬ ಹೇಳಿಕೆಯನ್ನು ಹುಡುಗಿ ಬರೆದಂತೆ ಬರೆದರು. ಅವಳ ಹೆಸರನ್ನೂ ಹಾಕಿದರು. ಆಮೇಲೆ ಅದನ್ನು ಶಂಕಿತನ ಮುಂದಿಟ್ಟು, ನೋಡು, ನಿನ್ನನ್ನು ಗುರುತಿಸಿದ್ದಾರೆ ಎಂದರು. ನಿಜದಲ್ಲಿ ಅವಳು ಪೊಲೀಸರ ಮುಂದೆ ಅವನನ್ನು ಗುರುತಿಸಿಯೇ ಇರಲಿಲ್ಲ. ಗ್ಯಾಂಗಿನ ಬೀದಿಯಲ್ಲಿ ಬೆಳೆದ ಹುಡುಗಿ. ಬಾಯಿ ಬಿಟ್ಟರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಶಂಕಿತ ಆಗಲೂ ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ ಅವನಿಗೆ ಒಂದು ಹೆಸರು ಸಿಕ್ಕಿತು. ಆಮೇಲೆ ಗ್ಯಾಂಗಿನ ತನ್ನ ಗೆಳೆಯನ ಜೊತೆ ಮಾತಾಡುವಾಗ, ಆ ಹುಡುಗಿ ಪೊಲೀಸರಿಗೆ ಹೇಳುತ್ತಿದ್ದಾಳೆ, ಅವಳು ಇಲ್ಲವಾಗಬೇಕು ಎಂಬ ಅರ್ಥದ ಮಾತು ಆಡಿದ. ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೆ ಎಂಬ ಸುಳಿವನ್ನೂ ಕೊಟ್ಟ. ಆ ಮಾತುಕತೆ ಟೇಪಿನಲ್ಲಿತ್ತು. ಟೇಪು ಪೊಲೀಸರ ಬಳಿಯೇ ಇತ್ತು. ಅದರಲ್ಲಿ ಏನಿದೆ ಎಂದು ಹೊತ್ತಿಗೆ ಸರಿಯಾಗಿ ಯಾರೂ ಕಿವಿಗೊಟ್ಟು ಕೇಳಲಿಲ್ಲ.

ಮುಂದೆ ಆ ಮೊದಲ ಕೊಲೆಯ ಪ್ರಾಥಮಿಕ ವಿಚಾರಣೆ ನಡೆಯಿತು. ಹುಡುಗಿಯನ್ನು ಸಾಕ್ಷಿಕಟ್ಟೆಗೆ ಕರೆದರು. ಅದಾದ ಕೆಲವೇ ದಿನಕ್ಕೆ ಅವಳ ಕೊಲೆಯಾಯಿತು.

ಪೊಲೀಸರು ಮಾಡಿದ ಈ ತಂತ್ರ ಅಮೆರಿಕದ ಕಾನೂನಿನಲ್ಲಿ ಕದ್ದುಮುಚ್ಚಿ ಮಾಡುವ ಕೆಲಸವಲ್ಲ. 1969ರಲ್ಲಿ ಫ್ರೇಜಿಯರ್ ವಿರುದ್ಧ ಕಪ್ ಎಂಬ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ಪೊಲೀಸರು ಆರೋಪಿಗೆ, ನಿನ್ನ ಜೊತೆಗಿದ್ದ ಸಂಬಂಧಿ ಆಗಲೇ ಒಪ್ಪಿಕೊಂಡಿದ್ದಾನೆ ಎಂದು ಸುಳ್ಳು ಹೇಳಿದ್ದರು. ಅಷ್ಟು ಮಾತ್ರಕ್ಕೆ ಅವನ ತಪ್ಪೊಪ್ಪಿಗೆ ಅಸಿಂಧು ಆಗುವುದಿಲ್ಲ ಎಂದಿತು ಕೋರ್ಟು. ಅಂದಿನಿಂದ ವಿಚಾರಣೆಯ ಕೋಣೆಯಲ್ಲಿ ಸುಳ್ಳು ಹೇಳುವುದು ಪತ್ತೇದಾರರ ಮಾಮೂಲಿ ಹತಾರವಾಯಿತು. ಬೆರಳಚ್ಚು ಸಿಕ್ಕಿದೆ, ಕ್ಯಾಮೆರಾದಲ್ಲಿ ಬಿದ್ದಿದ್ದೀಯ, ಹೀಗೆ.

ಇಲ್ಲಿ ಒಂದು ಅಂತರ ಗಮನಿಸಬೇಕು. ಬೆರಳಚ್ಚು ಸಿಕ್ಕಿದೆ ಎಂಬ ಸುಳ್ಳಿನಿಂದ ಬೆರಳಚ್ಚಿಗೆ ಅಪಾಯವಿಲ್ಲ. ಬದುಕಿರುವ, ವಿಳಾಸವಿರುವ, ಅದೇ ಬೀದಿಯಲ್ಲಿ ಮಲಗುವ ಒಬ್ಬ ಹುಡುಗಿ ನಿನ್ನ ಹೆಸರು ಹೇಳಿದ್ದಾಳೆ ಎಂಬ ಸುಳ್ಳು ಹಾಗಲ್ಲ. ಅದೂ ಗ್ಯಾಂಗಿನವನ ಮುಂದೆ. ಸಾಕ್ಷಿಗಳನ್ನು ಮುಗಿಸುವುದು ಗ್ಯಾಂಗುಗಳ ಹಳೇ ಪದ್ಧತಿ ಎಂದು ಲಾಸ್ ಏಂಜಲಿಸ್ ಪೊಲೀಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2002ರಲ್ಲಿ ಆ ನಗರದಲ್ಲಿ ಆರುನೂರಕ್ಕೂ ಹೆಚ್ಚು ಕೊಲೆಗಳಾಗಿದ್ದವು. ಅವುಗಳಲ್ಲಿ ದೊಡ್ಡ ಪಾಲು ಗ್ಯಾಂಗುಗಳದ್ದೇ.

ತಪ್ಪಿದ ದಿಕ್ಕು

ಹುಡುಗಿ ಸತ್ತ ಮೇಲೆ ತನಿಖೆ ಎಲ್ಲಿಂದ ಶುರುವಾಗಬೇಕಿತ್ತು? ನನ್ನ ಪ್ರಕಾರ ಆ ಟೇಪಿನಿಂದ. ಅದು ಶುರುವಾದದ್ದು ಬೇರೆ ಕಡೆಯಿಂದ.

ಮೊದಲ ಕೊಲೆಯಲ್ಲಿ ಮುಖ್ಯ ಆರೋಪಿಯ ಜೊತೆಗೆ ಇನ್ನೊಬ್ಬನೂ ಆರೋಪಿಯಾಗಿದ್ದ. ಅವನ ಸಹೋದರ ಹುವಾನ್ ಕಟಲಾನ್. 24 ವರ್ಷದವನು, ಅಪ್ಪನ ಮೆಷಿನ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಂದೆ. ಸಹೋದರನ ವಿಚಾರಣೆ ನೋಡಲು ಕೋರ್ಟಿಗೆ ಹೋಗಿದ್ದ. ಹುಡುಗಿ ಸಾಕ್ಷಿ ಹೇಳಿದಾಗಲೂ ಅಲ್ಲಿ ಕೂತಿದ್ದ. ಪೊಲೀಸರ ಲೆಕ್ಕ ಸರಳವಾಗಿತ್ತು. ಸಹೋದರನ ವಿರುದ್ಧ ಸಾಕ್ಷಿ ಹೇಳಿದವಳು ಸತ್ತಿದ್ದಾಳೆ, ಕೊಲ್ಲಲು ಇವನಿಗೆ ಕಾರಣವಿದೆ.

ಬದುಕುಳಿದ ಗೆಳೆಯನ ವಿವರಣೆಯಿಂದ ಒಂದು ರೇಖಾಚಿತ್ರ ಬರೆಸಿದರು. ಅದು ಹುವಾನ್‌ನ ಮುಖಕ್ಕೆ ಒಂದಿಷ್ಟು ಹೋಲುತ್ತಿತ್ತು. ಫೋಟೋಗಳ ಹಾಳೆ ತೋರಿಸಿದಾಗ ಆ ಗೆಳೆಯ ಹುವಾನ್‌ನ ಫೋಟೋವನ್ನೇ ಆರಿಸಿದ. ಈ ಬಾರಿ ಹಾಳೆ ಅಸಲಿ, ಸಹಿಯೂ ಅಸಲಿ. ಮನುಷ್ಯ ಮಾತ್ರ ಬೇರೆ.

ಆ ಗೆಳೆಯ ಸುಳ್ಳು ಹೇಳಿದ ಎಂದು ಯಾರೂ ತಿಳಿಯಬಾರದು. ಕತ್ತಲು, ಕೆಲವೇ ಸೆಕೆಂಡು, ಕಣ್ಣೆದುರಿಗೆ ಪಿಸ್ತೂಲು. ಇಂಥ ಹೊತ್ತಿನಲ್ಲಿ ಮನುಷ್ಯನ ಕಣ್ಣು ಮುಖಕ್ಕಿಂತ ಆಯುಧದ ಮೇಲೇ ನೆಡುತ್ತದೆ ಎಂಬುದನ್ನು ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡಿದ್ದಾರೆ. ಆಮೇಲೆ ಆರು ಫೋಟೋ ಮುಂದಿಟ್ಟರೆ, ಕೊಲೆಗಾರನಿಗೆ ತುಂಬ ಹತ್ತಿರ ಕಾಣುವವನನ್ನು ಮನಸ್ಸು ಹುಡುಕಿಕೊಳ್ಳುತ್ತದೆ. ಕೊಲೆಗಾರನೇ ಆ ಆರರಲ್ಲಿ ಇಲ್ಲದಿದ್ದರೂ ಸರಿ. ಒಮ್ಮೆ ಬೆರಳು ತೋರಿಸಿದ ಮೇಲೆ ನೆನಪಿನಲ್ಲಿ ಅದೇ ಮುಖ ಗಟ್ಟಿಯಾಗುತ್ತಾ ಹೋಗುತ್ತದೆ. ಇನೊಸೆನ್ಸ್ ಪ್ರಾಜೆಕ್ಟ್ ಸಂಸ್ಥೆಯ ಲೆಕ್ಕದಲ್ಲಿ, 1989ರಿಂದ 2020ರವರೆಗೆ ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಸುಮಾರು 375 ಜನ ನಿರಪರಾಧಿಗಳೆಂದು ಸಾಬೀತಾದರು. ಆ ಪ್ರಕರಣಗಳಲ್ಲಿ ಮೂರರಲ್ಲಿ ಎರಡಕ್ಕೂ ಹೆಚ್ಚು ಕಡೆ ಪ್ರತ್ಯಕ್ಷ ಸಾಕ್ಷಿ ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರು. ಎಷ್ಟೊಂದು ಜೀವಗಳು, ಅಲ್ವಾ?

2003ರ ಆಗಸ್ಟ್ 12ರಂದು, ಕೊಲೆಯಾಗಿ ಸರಿಯಾಗಿ ಮೂರು ತಿಂಗಳಿಗೆ, ಹುವಾನ್‌ನನ್ನು ಪೊಲೀಸರು ಬಂದೂಕು ಹಿಡಿದು ಸುತ್ತುವರಿದು ಬಂಧಿಸಿದರು. ನಾನು ಮಾಡಿಲ್ಲ ಎಂದು ಅವನು ಮತ್ತೆ ಮತ್ತೆ ಹೇಳಿದ. ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ಮಾಡಿ ಎಂದು ತಾನಾಗಿಯೇ ಕೇಳಿಕೊಂಡ. ಯಾರೂ ಒಪ್ಪಲಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಸಾಕ್ಷಿಯನ್ನು ಕೊಲ್ಲುವುದು ಸಾಮಾನ್ಯ ಕೊಲೆಗಿಂತ ಮೇಲಿನ ಅಪರಾಧ. ಅದಕ್ಕೆ ಮರಣದಂಡನೆ ಕೇಳಬಹುದು. ಸರ್ಕಾರಿ ವಕೀಲರು ಅದನ್ನೇ ಕೇಳಲು ಹೊರಟರು. ಹುವಾನ್‌ಗೆ ಜಾಮೀನು ಸಿಗಲಿಲ್ಲ.

ಮೂರು ತಿಂಗಳ ಹಿಂದಿನ ಒಂದು ಸೋಮವಾರ

ಕಳೆದ ಮೂರು ತಿಂಗಳಲ್ಲಿ ಯಾವುದಾದರೂ ಒಂದು ಸೋಮವಾರ ರಾತ್ರಿ ನೀವು ಎಲ್ಲಿದ್ದಿರಿ? ಮದುವೆಯೋ ಹಬ್ಬವೋ ಇಲ್ಲದಿದ್ದರೆ ಬಹುಪಾಲು ಜನರಿಗೆ ಹೇಳಲಾಗುವುದಿಲ್ಲ. ನಿರಪರಾಧಿಗೆ ಇದು ಇನ್ನೂ ಕಷ್ಟ. ಆ ರಾತ್ರಿ ಅವನ ಪಾಲಿಗೆ ವಿಶೇಷವಾದದ್ದು ಏನೂ ನಡೆದಿರುವುದಿಲ್ಲವಲ್ಲ, ನೆನಪಿಟ್ಟುಕೊಳ್ಳಲು ಕಾರಣವೇ ಇರುವುದಿಲ್ಲ.

ಹುವಾನ್‌ಗೆ ಒಂದು ಆಧಾರವಿತ್ತು. ಅವನೂ ಮನೆಯವರೂ ದಿನಗಳನ್ನು ಹಿಂದಕ್ಕೆ ಎಣಿಸುತ್ತಾ ಹೋದಾಗ ಮೇ 12 ಯಾವ ದಿನ ಎಂದು ಹೊಳೆಯಿತು. ಅಂದು ಅವನು ಆರು ವರ್ಷದ ಮಗಳನ್ನು ಕರೆದುಕೊಂಡು ಬೇಸ್‌ಬಾಲ್ ನೋಡಲು ಹೋಗಿದ್ದ. ಲಾಸ್ ಏಂಜಲಿಸ್ ಡಾಡ್ಜರ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ನಡುವಿನ ಪಂದ್ಯ. ಬ್ರೇವ್ಸ್ 11-4ರಿಂದ ಗೆದ್ದಿತ್ತು. ಟಿಕೆಟಿನ ಚೂರುಗಳನ್ನು ಎಸೆಯದೆ ಇಟ್ಟಿದ್ದರು, ಅವೂ ಸಿಕ್ಕವು.

ಸನ್ ವ್ಯಾಲಿಯಂಥ ಕಡೆಯ ಕುಟುಂಬಗಳಿಗೆ ಡಾಡ್ಜರ್ಸ್ ಅಂದರೆ ಸುಮ್ನೆ ಒಂದು ತಂಡ ಅಲ್ಲ. 1962ರಲ್ಲಿ ಶುರುವಾದ ಡಾಡ್ಜರ್ ಸ್ಟೇಡಿಯಂ ನಿಂತಿರುವುದು ಚಾವೆಜ್ ರವೀನ್ ಎಂಬ ಜಾಗದಲ್ಲಿ. ಅಲ್ಲಿದ್ದ ಮೆಕ್ಸಿಕನ್ ಮೂಲದ ಕುಟುಂಬಗಳನ್ನು 1950ರ ದಶಕದಲ್ಲಿ ಎಬ್ಬಿಸಿದ್ದರು. ಮೊದಲು ಹೇಳಿದ್ದು ಸರ್ಕಾರಿ ವಸತಿ ಕಟ್ಟುತ್ತೇವೆ ಎಂದು. ಕೊನೆಗೆ ಬಂದದ್ದು ಕ್ರೀಡಾಂಗಣ. ಆ ನೋವಿನಿಂದ ಎಷ್ಟೋ ಜನ ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. 1981ರಲ್ಲಿ ಮೆಕ್ಸಿಕೋದ ಸೊನೋರಾ ರಾಜ್ಯದ ಪುಟ್ಟ ಹಳ್ಳಿಯಿಂದ ಬಂದ ಫರ್ನಾಂಡೋ ವಾಲೆನ್ಸುವೆಲಾ ಎಂಬ ಇಪ್ಪತ್ತು ವರ್ಷದ ಹುಡುಗ ಡಾಡ್ಜರ್ಸ್ ಪರ ಚೆಂಡು ಎಸೆಯಲು ನಿಂತ. ಎಸೆಯುವಾಗ ಒಂದು ಕ್ಷಣ ಆಕಾಶ ನೋಡುವ ಅವನ ಭಂಗಿಯನ್ನು ಬೀದಿ ಬೀದಿಯ ಮಕ್ಕಳು ಅನುಕರಿಸಿದರು. ವರ್ಷದ ಹೊಸ ಆಟಗಾರ, ವರ್ಷದ ಶ್ರೇಷ್ಠ ಪಿಚರ್ (ಚೆಂಡು ಎಸೆಯುವವನು), ಎರಡೂ ಪ್ರಶಸ್ತಿ ಅದೇ ವರ್ಷ ಅವನಿಗೇ ಬಂದವು. ಅಲ್ಲಿಂದ ಮುಂದೆ ಮೆಕ್ಸಿಕನ್ ಮನೆಗಳಲ್ಲಿ ಅಪ್ಪಂದಿರು ಮಕ್ಕಳನ್ನು ಆ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗುವುದು ರೂಢಿಯಾಯಿತು. ಹುವಾನ್ ಮಗಳ ಕೈ ಹಿಡಿದು ಹೋದದ್ದೂ ಹಾಗೆಯೇ.

ಸಾಕ್ಷ್ಯವನ್ನು ಒಂದೊಂದಾಗಿ ತೂಗಿದರೆ

ಅವನ ಪರ ವಕೀಲ ಟಾಡ್ ಮೆಲ್ನಿಕ್. ಈ ಕೇಸಿನಲ್ಲಿ ನಾನು ಮೆಚ್ಚುವುದು ಇವರ ತಾಳ್ಮೆಯನ್ನು. ಅವರ ಕೈಯಲ್ಲಿ ಏನೇನಿತ್ತು, ಪ್ರತಿಯೊಂದೂ ಎಲ್ಲಿ ಸೋಲುತ್ತಿತ್ತು ಎಂದು ನೋಡಿದರೆ ಕೇಸಿನ ನಿಜವಾದ ಬಿಗಿ ಗೊತ್ತಾಗುತ್ತದೆ.

ಮೊದಲು ಟಿಕೆಟುಗಳು. ಟಿಕೆಟ್ ಇದೆ ಅಂದರೆ ಯಾರೋ ಪಂದ್ಯಕ್ಕೆ ಹೋಗಿದ್ದಾರೆ ಅಂತ ಅರ್ಥ. ಹುವಾನ್ ಹೋಗಿದ್ದ ಅಂತ ಅಲ್ಲ. ಆಮೇಲೆ ಜೊತೆಗೆ ಹೋದವರ ಮಾತು. ಅವರೆಲ್ಲ ನೆಂಟರು, ಗೆಳೆಯರು. ಮಗುವಿಗೆ ಆರು ವರ್ಷ. ಸ್ವಂತದವರು ಉಳಿಸಲು ಹೇಳುತ್ತಾರೆ ಎಂಬ ಒಂದೇ ವಾಕ್ಯದಲ್ಲಿ ಸರ್ಕಾರಿ ವಕೀಲರು ಅದನ್ನು ತಳ್ಳಿಹಾಕಬಹುದು.

ಹಾಗಾಗಿ ಮೆಲ್ನಿಕ್ ಡಾಡ್ಜರ್ಸ್ ಆಡಳಿತದವರ ಹತ್ತಿರ ಹೋದರು. ಪಂದ್ಯದ ಪ್ರಸಾರದ ಟೇಪು, ಸ್ಟೇಡಿಯಂನ ಪರದೆಗೆಂದು ಚಿತ್ರಿಸಿದ ಟೇಪು ಎಲ್ಲ ನೋಡಿದರು. 56,000 ಜನ ಹಿಡಿಸುವ ಜಾಗ. ಹುವಾನ್ ಕೂತಿದ್ದ ಭಾಗ ಅಲ್ಲಲ್ಲಿ ಕಾಣಿಸಿತು. ಆದರೆ ಮುಖಗಳು ಚುಕ್ಕೆಗಳಂತೆ ಮಸುಕು. ಮರಣದಂಡನೆಯ ಕೇಸಿನಲ್ಲಿ ಚುಕ್ಕೆ ಸಾಕಾಗುವುದಿಲ್ಲ.

ಆಗ ಹುವಾನ್‌ಗೆ ಇನ್ನೊಂದು ವಿಷಯ ನೆನಪಾಯಿತು. ಅಂದು ಅವನು ಕೂತಿದ್ದ ಕಡೆ ಯಾವುದೋ ಶೂಟಿಂಗ್ ನಡೆಯುತ್ತಿತ್ತು. ವಿಚಾರಿಸಿದಾಗ ತಿಳಿಯಿತು: ಲ್ಯಾರಿ ಡೇವಿಡ್ ಅವರ 'ಕರ್ಬ್ ಯುವರ್ ಎಂಥೂಸಿಯಾಸಂ' ಎಂಬ ಎಚ್‌ಬಿಒ ಹಾಸ್ಯ ಧಾರಾವಾಹಿಯ ತಂಡ ಅಂದು ಸ್ಟೇಡಿಯಂನಲ್ಲಿತ್ತು. 2004ರಲ್ಲಿ ಪ್ರಸಾರವಾದ 'ದಿ ಕಾರ್‌ಪೂಲ್ ಲೇನ್' ಎಂಬ ಕಂತಿಗಾಗಿ ಅವರು ಶೂಟ್ ಮಾಡುತ್ತಿದ್ದರು. ಅದರಲ್ಲಿ ಲ್ಯಾರಿಯ ಪಾತ್ರ ಪಂದ್ಯಕ್ಕೆ ಬೇಗ ತಲುಪಲು ಒಂದು ಉಪಾಯ ಹೂಡುತ್ತದೆ. ಒಬ್ಬರಿಗಿಂತ ಹೆಚ್ಚು ಜನರಿರುವ ಕಾರುಗಳಿಗೆಂದೇ ಇರುವ ಪ್ರತ್ಯೇಕ ಲೇನಿನಲ್ಲಿ ಹೋಗಲು ಒಬ್ಬ ಹೆಂಗಸನ್ನು ದುಡ್ಡು ಕೊಟ್ಟು ಕೂರಿಸಿಕೊಳ್ಳುತ್ತದೆ.

ಮೆಲ್ನಿಕ್ ಧಾರಾವಾಹಿಯ ಕಚೇರಿಗೆ ಹೋಗಿ ಎಡಿಟ್ ಆಗದ ಟೇಪುಗಳನ್ನು ನೋಡಲು ಕೂತರು. ಒಂದು ಟೇಕಿನಲ್ಲಿ ಹುವಾನ್ ಕಾಣಿಸಿದ. ತಿಂಡಿ ಕೊಂಡುಕೊಂಡು, ಮಗಳ ಜೊತೆ, ಸಾಲುಗಳ ನಡುವಿನ ದಾರಿಯಲ್ಲಿ ತನ್ನ ಸೀಟಿಗೆ ವಾಪಸ್ ಬರುತ್ತಿದ್ದಾನೆ. ಮುಖ ಸ್ಪಷ್ಟ. ಟೇಪಿನಲ್ಲಿ ಸಮಯದ ಗುರುತೂ ಇತ್ತು.

ಜನ ಈ ಕಥೆ ಹೇಳುವಾಗ ಇಲ್ಲಿಗೇ ಮುಗಿಸುತ್ತಾರೆ. ನಾನೂ ಮೊದಲ ಸಲ ಕೇಳಿದಾಗ ಇಲ್ಲಿಗೇ ಮುಗಿಯಿತು ಅಂದುಕೊಳ್ಳುವಂತೆಯೇ ಯಾರೋ ಹೇಳಿದ್ದರು. ಆದರೆ ಆ ಸಮಯದ ಗುರುತನ್ನು ನೋಡಿ. ಸುಮಾರು 9 ಗಂಟೆ 10 ನಿಮಿಷ. ಕೊಲೆಯಾದದ್ದು ಹತ್ತೂವರೆಯ ಆಸುಪಾಸು. ನಡುವೆ ಒಂದು ಗಂಟೆಗೂ ಹೆಚ್ಚು ಸಮಯ. ಸ್ಟೇಡಿಯಮ್ಮಿಗೂ ಸನ್ ವ್ಯಾಲಿಗೂ ಹದಿನೈದು ಇಪ್ಪತ್ತು ಮೈಲಿ ದೂರ. ಪಂದ್ಯ ಮುಗಿಯುವ ಮೊದಲೇ ಎದ್ದು, ಮಗಳನ್ನು ಮನೆಗೆ ಬಿಟ್ಟು, ಹೋಗಿ ಕೊಲೆ ಮಾಡಿರಬಹುದು ಎಂದು ಸರ್ಕಾರಿ ಕಡೆಯವರು ವಾದಿಸಿದರು. ಕೇಳಲು ಕ್ರೂರ ಅನ್ನಿಸಬಹುದು. ಆದರೂ ಗಡಿಯಾರದ ಲೆಕ್ಕದಲ್ಲಿ ಅದು ಆಗಲಾರದ ಮಾತಾಗಿರಲಿಲ್ಲ. ಅಷ್ಟು ಅದ್ಭುತವಾದ ಟಿವಿ ದೃಶ್ಯವೂ ಹುವಾನ್ ಪಂದ್ಯಕ್ಕೆ ಹೋಗಿದ್ದ ಎಂಬುದನ್ನು ಮಾತ್ರ ಸಾಬೀತು ಮಾಡಿತು. ಕೊಲೆಯ ಹೊತ್ತಿನಲ್ಲಿ ಎಲ್ಲಿದ್ದ ಎಂಬುದನ್ನಲ್ಲ.

ನಮ್ಮ ದೇಶದ ಕಾನೂನೂ ಈ ಅಂತರವನ್ನು ಗುರುತಿಸಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 11ನೇ ಕಲಮಿನ ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದರು. ಕಲ್ಕತ್ತಾದಲ್ಲಿ ಅಪರಾಧ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ ಎಂಬುದು ಪರಿಗಣಿಸಬೇಕಾದ ಸಂಗತಿ ಎಂದು. ಅದರ ಮುಂದಿನ ಸಾಲು ಇನ್ನೂ ಸೂಕ್ಷ್ಮ. ಆರೋಪಿ ಅಷ್ಟು ದೂರವಿದ್ದುದರಿಂದ ಅವನು ಮಾಡಿರುವುದು ಅಸಾಧ್ಯವಲ್ಲದಿದ್ದರೂ ತೀರಾ ಅಸಂಭವ ಎಂದಾಗುವುದಾದರೆ, ಅದನ್ನೂ ಪರಿಗಣಿಸಬೇಕು. ವಕೀಲಿ ಕಲಿಯುವವರೆಲ್ಲ ಓದುವ ಈ ಸಾಲಿಗೆ ಹುವಾನ್‌ನ ಕೇಸಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 9 ಗಂಟೆ 10 ನಿಮಿಷದ ದೃಶ್ಯ ಅವನನ್ನು 'ಅಸಂಭವ'ದ ಹತ್ತಿರ ತಂದಿತ್ತು. ಇನ್ನೂ ಒಂದು ಗಂಟೆಯ ಕಂದಕ ಉಳಿದಿತ್ತು.

ಅದನ್ನು ಮುಚ್ಚಿದ್ದು ಮೊಬೈಲ್ ಫೋನು. ಆ ರಾತ್ರಿ ಹತ್ತು ದಾಟಿದ ಮೇಲೆ, ಸುಮಾರು 10 ಗಂಟೆ 10 ನಿಮಿಷದ ಹೊತ್ತಿಗೆ, ಹುವಾನ್ ಫೋನಿಗೂ ಅವನ ಗೆಳತಿಯ ಫೋನಿಗೂ ನಡುವೆ ಒಂದು ಕರೆ ನಡೆದಿತ್ತು. ಫೋನ್ ಕಂಪನಿಗಳು ಪ್ರತಿ ಕರೆಗೂ ಲೆಕ್ಕ ಇಡುತ್ತವೆ: ಯಾವ ನಂಬರು, ಎಷ್ಟು ಹೊತ್ತಿಗೆ, ಯಾವ ಟವರಿನ ಮೂಲಕ. ನಗರದ ನಡುವೆ ಟವರುಗಳು ಒತ್ತೊತ್ತಾಗಿರುವುದರಿಂದ ಒಂದೊಂದರ ವ್ಯಾಪ್ತಿ ಚಿಕ್ಕದು. ಹುವಾನ್‌ನ ಫೋನು ಹಿಡಿದದ್ದು ಡಾಡ್ಜರ್ ಸ್ಟೇಡಿಯಂ ಹತ್ತಿರದ ಟವರನ್ನು.

ಈಗ ಗಡಿಯಾರ ಹೇಳುವುದೇ ಬೇರೆ. ಉಳಿದದ್ದು ಇಪ್ಪತ್ತು ನಿಮಿಷದಷ್ಟು. ಪಂದ್ಯ ಬಿಟ್ಟಾಗ ಆ ಗುಡ್ಡದ ಮೇಲಿನ ಪಾರ್ಕಿಂಗಿನಿಂದ ಕಾರು ಹೊರಗೆ ಬರುವುದೇ ಒಂದು ಸಾಹಸ. ಆಮೇಲೆ ಹೈವೇ ಹಿಡಿಯಬೇಕು. ಮಗುವನ್ನು ಎಲ್ಲಾದರೂ ಬಿಡಬೇಕು. ಆಯುಧ ತೆಗೆದುಕೊಂಡು, ಹುಡುಗಿಯ ಮನೆಯ ಹತ್ತಿರ ಬಂದು, ನಡೆದು ಹೋಗಿ ಗುಂಡು ಹೊಡೆಯಬೇಕು. ಆಗದ ಮಾತು.

ಫೋನು ಬೇರೆಯವರ ಕೈಯಲ್ಲಿತ್ತು ಎಂದು ವಾದಿಸಲು ಜಾಗವಿತ್ತೇ? ಟವರಿನ ದಾಖಲೆಯೊಂದೇ ಇದ್ದಿದ್ದರೆ ಇತ್ತು. ದಾಖಲೆ ಫೋನು ಎಲ್ಲಿತ್ತು ಎನ್ನುತ್ತದೆ, ಹಿಡಿದವರು ಯಾರು ಎನ್ನುವುದಿಲ್ಲ. ಟಿವಿಯ ದೃಶ್ಯದ ಬೆಲೆ ಇರುವುದು ಇಲ್ಲಿ. ಒಂದು ಗಂಟೆ ಮೊದಲು ಅದೇ ಜಾಗದಲ್ಲಿ ಅವನ ಮುಖ ಕಾಣಿಸಿದೆ. ಟಿಕೆಟು, ಜೊತೆಗಿದ್ದವರ ಮಾತು, ಟಿವಿಯ ಟೇಪು, ಟವರು, ಒಂದೊಂದನ್ನೇ ಬಿಡಿಸಿ ಇಟ್ಟರೆ ಯಾವುದೂ ಪೂರ್ತಿಯಲ್ಲ. ಹುರಿಹಗ್ಗದ ಎಳೆಗಳಂತೆ ಸೇರಿದಾಗ ಮಾತ್ರ ಭಾರ ತಡೆದವು.

2004ರ ಜನವರಿಯಲ್ಲಿ ಪ್ರಾಥಮಿಕ ವಿಚಾರಣೆಯಲ್ಲಿ ನ್ಯಾಯಾಧೀಶರು ಇದನ್ನೆಲ್ಲ ನೋಡಿ ಆರೋಪವನ್ನು ವಜಾ ಮಾಡಿದರು. ಹುವಾನ್ ಬಿಡುಗಡೆಯಾದ. ಅಷ್ಟರಲ್ಲಿ ಅವನು ಸುಮಾರು ಐದೂವರೆ ತಿಂಗಳು ಜೈಲಿನಲ್ಲಿ ಕಳೆದಿದ್ದ, ಅದೂ ಸಾಕ್ಷಿ ಹೇಳಿದ ಹುಡುಗಿಯನ್ನು ಕೊಂದವನು ಎಂಬ ಹೆಸರು ಹೊತ್ತು. ಮುಂದೆ ಅವನು ನಗರಾಡಳಿತದ ಮೇಲೂ ಪೊಲೀಸರ ಮೇಲೂ ದಾವೆ ಹೂಡಿದ. 3,20,000 ಡಾಲರಿಗೆ ಅದು ಇತ್ಯರ್ಥವಾಯಿತು.

ನಿಜವಾದ ಕೊಲೆಗಾರರು

ಹುವಾನ್ ಜೈಲಿನಲ್ಲಿದ್ದಾಗಲೇ, 2003ರ ನವೆಂಬರಿನಲ್ಲಿ, ಪಕ್ಕದ ಬರ್ಬ್ಯಾಂಕ್ ನಗರದ ಯುವ ಪೊಲೀಸ್ ಅಧಿಕಾರಿಯೊಬ್ಬರು ವೈನ್‌ಲ್ಯಾಂಡ್ ಬಾಯ್ಸ್ ಗ್ಯಾಂಗಿನವನ ಗುಂಡಿಗೆ ಬಲಿಯಾದರು. ಆಮೇಲೆ ಆ ಗ್ಯಾಂಗಿನ ಮೇಲೆ ಸ್ಥಳೀಯ ಪೊಲೀಸರ ಜೊತೆಗೆ ಕೇಂದ್ರದ ತನಿಖಾ ಸಂಸ್ಥೆಗಳೂ ಬಿದ್ದವು. 2005ರಲ್ಲಿ ಸಾವಿರಕ್ಕೂ ಹೆಚ್ಚು ಅಧಿಕಾರಿಗಳು ಸೇರಿ ಒಂದೇ ದಿನ ದೊಡ್ಡ ದಾಳಿ ನಡೆಸಿದರು. ಗ್ಯಾಂಗಿನ ಹಳೆಯ ಕೃತ್ಯಗಳೆಲ್ಲ ಮತ್ತೆ ಮೇಲೆ ಬಂದವು. ಹುಡುಗಿಯನ್ನು ಮುಗಿಸಿ ಎಂಬ ಆ ಹಳೇ ಮಾತುಕತೆಯ ಟೇಪೂ ಬೆಳಕಿಗೆ ಬಂತು. ಸುಳ್ಳು ಹಾಳೆಯ ಪೂರ್ತಿ ವಿವರವನ್ನು 2008ರಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಪ್ರಕಟಿಸಿತು. ಕೊಲೆಗೆ ಅಪ್ಪಣೆ ಕೊಟ್ಟವನೂ ಅವನ ಜೊತೆಗಾರರೂ ಕೊನೆಗೆ ಶಿಕ್ಷೆಗೆ ಗುರಿಯಾದರು.

ಈಗ ಇಡೀ ಪ್ರಕರಣವನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಎದ್ದು ಕಾಣುವುದು ಒಂದೇ. ಹುಡುಗಿಯ ಕೊಲೆಗೂ ಹುವಾನ್‌ನ ಬಂಧನಕ್ಕೂ ಬೇರು ಒಂದೇ ಕಡೆ ಇದೆ. ಆ ಸುಳ್ಳು ಹಾಳೆಯನ್ನು ತಯಾರಿಸಿದವರು ಅದರ ಪರಿಣಾಮವನ್ನು ಎದುರಿಸಿ ನೋಡಿದ್ದರೆ, ಅವಳು ಸತ್ತ ಮರುದಿನವೇ ಅವರಿಗೆ ಗೊತ್ತಾಗಬೇಕಿತ್ತು, ಇದು ಎಲ್ಲಿಂದ ಬಂದ ಗುಂಡು ಎಂದು. ಅವಳ ಹೆಸರನ್ನು ಕೊಟ್ಟದ್ದು ಯಾರಿಗೆ ಎಂಬುದು ಅವರಿಗೆ ಗೊತ್ತಿತ್ತು. ಅವನ ಮಾತು ಟೇಪಿನಲ್ಲಿತ್ತು. ಅತ್ತ ನೋಡದೆ, ಕೋರ್ಟಿನ ಬೆಂಚಿನ ಮೇಲೆ ಸಹೋದರನಿಗಾಗಿ ಕೂತಿದ್ದವನ ಕಡೆ ನೋಡಿದರು. ಅವರ ಮನಸ್ಸಿನಲ್ಲಿ ಏನಿತ್ತೋ ಹೇಳಲು ನಾನು ಯಾರೂ ಅಲ್ಲ. ಆದರೆ ತಾನೇ ಮಾಡಿದ ಕೆಲಸದಿಂದ ಜೀವ ಹೋಗಿರಬಹುದಾದಾಗ, ಅದೇ ಕೈಗೆ ಆ ಸಾವಿನ ತನಿಖೆ ಕೊಡಬಾರದು. ಯಾವ ಊರಿನ ಪೊಲೀಸರಾದರೂ ಅಷ್ಟೇ.

ಅದೃಷ್ಟದ ಮಾತನ್ನೂ ಹೇಳಲೇಬೇಕು. ಹುವಾನ್ ತಿಂಡಿ ತರಲು ಎದ್ದು ಹೋಗದಿದ್ದರೆ? ಶೂಟಿಂಗ್ ಇನ್ನೊಂದು ಭಾಗದಲ್ಲಿ ನಡೆದಿದ್ದರೆ? ಗೆಳತಿ ಜೊತೆ ಆ ಹೊತ್ತಿಗೆ ಫೋನಿನಲ್ಲಿ ಮಾತಾಡದಿದ್ದರೆ? ಅದೇ ಬಡಾವಣೆಯಲ್ಲಿ ಅಂದು ಮನೆಯಲ್ಲೇ ಕೂತು ಟಿವಿ ನೋಡಿ ಮಲಗಿದ ನೂರಾರು ಯುವಕರಿದ್ದರು. ಅವರಲ್ಲಿ ಒಬ್ಬನ ಫೋಟೋಕ್ಕೆ ಸುತ್ತು ಬಿದ್ದಿದ್ದರೆ ಅವನ ಪರವಾಗಿ ಹೇಳಲು ಹೆಂಡತಿ, ತಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಒಂದು ಬಾಗಿಲು ಸ್ವಲ್ಪ ಭದ್ರವಾಗಿದೆ. ಕ್ಯಾಲಿಫೋರ್ನಿಯಾ 2018ರಲ್ಲಿ ಒಂದು ಕಾನೂನು ಮಾಡಿತು, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಫೋಟೋಗಳ ಹಾಳೆ ತೋರಿಸುವ ಅಧಿಕಾರಿಗೆ ಶಂಕಿತ ಯಾರೆಂದು ಗೊತ್ತಿರಬಾರದು. ಗೊತ್ತಿದ್ದರೆ, ಸಾಕ್ಷಿ ಯಾವ ಫೋಟೋ ನೋಡುತ್ತಿದ್ದಾರೆಂದು ತಿಳಿಯದಂತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಕೊಲೆಗಾರ ಈ ಫೋಟೋಗಳಲ್ಲಿ ಇಲ್ಲದೆಯೂ ಇರಬಹುದು ಎಂದು ಸಾಕ್ಷಿಗೆ ಮೊದಲೇ ಹೇಳಬೇಕು. ಎಷ್ಟು ಖಚಿತ ಎಂದು ಆ ಕ್ಷಣದಲ್ಲೇ ಸಾಕ್ಷಿಯ ಸ್ವಂತ ಮಾತಿನಲ್ಲಿ ಬರೆದುಕೊಳ್ಳಬೇಕು. ಹುವಾನ್‌ನ ಫೋಟೋ ಆರಿಸಿದ ಗೆಳೆಯನಿಗೆ ಇಷ್ಟು ರಕ್ಷಣೆ ಸಿಕ್ಕಿದ್ದರೆ ಅವನೂ ಒಬ್ಬ ನಿರಪರಾಧಿಯನ್ನು ತೋರಿಸಿದ ಭಾರ ಹೊರಬೇಕಾಗುತ್ತಿರಲಿಲ್ಲವೇನೋ.

ಇನ್ನೊಂದು ಬಾಗಿಲು ಹಾಗೇ ತೆರೆದಿದೆ. ಇಲಿನಾಯ್ ರಾಜ್ಯ 2021ರಲ್ಲಿ ಹದಿನೆಂಟು ತುಂಬದ ಶಂಕಿತರಿಗೆ ಪೊಲೀಸರು ವಿಚಾರಣೆಯಲ್ಲಿ ಸುಳ್ಳು ಹೇಳುವುದನ್ನು ತಡೆಯಿತು. ಆಮೇಲೆ ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಅವೆಲ್ಲ ಸುಳ್ಳು ಕೇಳಿಸಿಕೊಳ್ಳುವ ಶಂಕಿತನನ್ನು ಕಾಯುವ ನಿಯಮಗಳು. ಸನ್ ವ್ಯಾಲಿಯ ಹುಡುಗಿಗೂ ಹದಿನೆಂಟು ತುಂಬಿರಲಿಲ್ಲ. ಆದರೆ ಅವಳು ಶಂಕಿತಳಾಗಿರಲಿಲ್ಲ, ಸುಳ್ಳನ್ನು ಹೇಳಿದ್ದು ಅವಳಿಗಲ್ಲ, ಅವಳ ಹೆಸರಿನಲ್ಲಿ. ಆರೋಪಿಯ ಮುಂದೆ ಇಡುವ ಯಾವ ಸುಳ್ಳು ಕಾಗದದ ಮೇಲೂ ಬದುಕಿರುವ ಸಾಕ್ಷಿಯ ಹೆಸರು ಬರೆಯಬಾರದು ಎಂಬ ಒಂದು ಸಾಲಿನ ನಿಯಮ ಸಾಕಿತ್ತು.